ಇನ್ನೂ ಪಿಯಾನೋ ಆಗಿಲ್ಲ

ಭೂತಪ್ಪ ಪಿಯಾನೋದ ದನಿಯನ್ನು ಮೊದಲ ಸಲ ಕೇಳಿದ್ದು ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ, ಮಗಳನ್ನು ಟ್ಯೂಷನ್ನಿನಿಂದ ಕರೆತರಲು ಹೋದಾಗ. ಅದು ಎಂಬತ್ತೊಂಬತ್ತನೇ ಇಸವಿ. ಅವನು ಭದ್ರಾವತಿಯ ಕಾಗದದ ಮಿಲ್ಲು ಸೇರಿ ಎಂಟು ವರ್ಷವಾಗಿತ್ತು. ಕಾಗದನಗರದ ಕ್ವಾರ್ಟರ್ಸಿನಲ್ಲಿ ಹೆಂಡತಿ ಪದ್ಮಮ್ಮ, ಮಗಳು ಇಂಪನಾ ಜೊತೆ ಇದ್ದ. ಹುಟ್ಟೂರು ಸೊರಬದ ಕಡೆ. ಅಲ್ಲಿ ಭಜನೆ ಮೇಳಕ್ಕೆ ಹಾರ್ಮೋನಿಯಂ ಬಾರಿಸುತ್ತಿದ್ದವನು, ಮಿಲ್ಲಿಗೆ ಸೇರಿದ ಮೇಲೆ ಅದನ್ನು ಮುಟ್ಟಿರಲಿಲ್ಲ.

ಟ್ಯೂಷನ್ ಹೇಳುತ್ತಿದ್ದವರು ಸೆಲ್ವಮೇರಿ ಟೀಚರ್. ಮದುವೆಯಾಗದ ಹೆಂಗಸು, ನ್ಯೂಟೌನ್ ಕಡೆಯ ಒಂದು ಹಳೆಯ ಮನೆಯಲ್ಲಿ ಒಬ್ಬರೇ ವಾಸ. ಅವರ ತಂದೆ ಕಬ್ಬಿಣದ ಕಾರ್ಖಾನೆಯಲ್ಲಿ ಅಚ್ಚು ಹೊಯ್ಯುವ ಕೆಲಸಕ್ಕೆಂದು ಸೇಲಂನಿಂದ ಬಂದವರು. ಒಬ್ಬ ಪರದೇಶದ ಇಂಜಿನಿಯರು ಊರು ಬಿಟ್ಟು ಹೋಗುವಾಗ ಮಾರಿದ ಪಿಯಾನೋವನ್ನು ಕೊಂಡು, ಎತ್ತಿನ ಗಾಡಿಯಲ್ಲಿ ಮನೆಗೆ ಸಾಗಿಸಿದ್ದರು. ಮಕ್ಕಳು ಲೆಕ್ಕ ಮಾಡುತ್ತಿರುವಾಗ ಟೀಚರ್ ಒಳಗೆ ಕೂತು ಅದನ್ನು ನುಡಿಸುತ್ತಿದ್ದರು. ಆ ಸಂಜೆ ಹೊರಗೆ ಬಂದಾಗ, ಜಗಲಿಯ ತುದಿಯಲ್ಲಿ ಕೂತಿದ್ದ ಮನುಷ್ಯನ ಬೆರಳುಗಳು ಮೊಣಕಾಲಿನ ಮೇಲೆ ಆಡುತ್ತಿರುವುದನ್ನು ಕಂಡರು.

“ಬೆರಳು ಸುಮ್ಮನೆ ಆಡ್ತಿಲ್ಲ ನಿಮ್ದು. ಏನು ನುಡಿಸ್ತೀರಿ?”

“ಹಾರ್ಮೋನಿಯಂ ಸ್ವಲ್ಪ ಗೊತ್ತು ಟೀಚರೇ. ಊರಲ್ಲಿ ಭಜನೆಗೆ.”

“ಒಳಗೆ ಬನ್ನಿ.”

“ಶಿಫ್ಟ್ ಮುಗಿಸಿ ಹಂಗೇ ಬಂದೆ. ಮೈಯೆಲ್ಲಾ ಪಲ್ಪಿನ ವಾಸನೆ.”

“ಈ ಊರಲ್ಲಿ ಯಾರ ಮೈಗೆ ಆ ವಾಸನೆ ಇಲ್ಲ? ಬನ್ನಿ.”

ಅವತ್ತಿನಿಂದ ಆರು ವರ್ಷ, ಶಿಫ್ಟು ಅಡ್ಡ ಬರದ ಭಾನುವಾರಗಳಲ್ಲೆಲ್ಲ ಭೂತಪ್ಪ ಆ ಮನೆಯಲ್ಲಿ ಪಿಯಾನೋ ಕಲಿತ. ದೊಡ್ಡ ವಾದಕನೇನೂ ಆಗಲಿಲ್ಲ. ಮಿಲ್ಲಿನ ಕೆಲಸಕ್ಕೆ ಒಗ್ಗಿದ ಕೈ, ವೇಗ ಬರಲಿಲ್ಲ. ಆದರೆ ಕೇಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಟೀಚರೇ ಹೇಳುತ್ತಿದ್ದರು. ಹಾರ್ಮೋನಿಯಮ್ಮಿನಲ್ಲಿ ತಿದಿ ಒತ್ತುವಷ್ಟು ಹೊತ್ತೂ ಸ್ವರ ನಿಂತಿರುತ್ತದೆ. ಇಲ್ಲಿ ಹಾಗಲ್ಲ. ಬಾರಿಸಿದ ಗಳಿಗೆಯಿಂದಲೇ ಸ್ವರ ಕರಗತೊಡಗುತ್ತದೆ, ಒಂದೊಂದೂ ಒಂದೊಂದು ರೀತಿ ಕರಗುತ್ತದೆ. ಭೂತಪ್ಪ ಒಂದೇ ಕೀ ಒತ್ತಿ ಹಿಡಿದು, ಅದು ಪೂರ್ತಿ ಅಡಗುವ ತನಕ ಉಸಿರು ಬಿಗಿಹಿಡಿದು ಕೂರುತ್ತಿದ್ದ.

ಮಿಲ್ಲಿನಲ್ಲೂ ಅವನ ಕಿವಿಗೆ ಹೆಸರಿತ್ತು. ಪೇಪರ್ ಮೆಷಿನ್ನಿನ ಪಕ್ಕ ನಿಂತರೆ ಎದುರಿಗಿದ್ದವನ ಮಾತೂ ಕೇಳದಷ್ಟು ಸದ್ದು. ಆ ಸದ್ದಿನೊಳಗೇ ಯಾವ ಸಿಲಿಂಡರಿನ ಬೇರಿಂಗ್ ಕೆಡುತ್ತಿದೆ ಎಂದು ಅವನು ಎರಡು ದಿನ ಮುಂಚೆಯೇ ಹೇಳುತ್ತಿದ್ದ. ಕಿವಿಗೆ ಹಾಕಿಕೊಳ್ಳಲು ಮಿಲ್ಲಿನವರು ರಬ್ಬರಿನ ಬಿರಡೆ ಕೊಟ್ಟಿದ್ದರು, ಹಾಕಿಕೊಳ್ಳಲೇಬೇಕೆಂದು ಬೋರ್ಡೂ ಹಾಕಿದ್ದರು. ಮೇಲಿನವರು ರೌಂಡಿಗೆ ಬಂದಾಗ ಮಾತ್ರ ಭೂತಪ್ಪ ಅದನ್ನು ಹಾಕಿಕೊಳ್ಳುವನು. ಅವರು ಹೋದ ಮೇಲೆ ತೆಗೆದು ಅಂಗಿಯ ಜೇಬಿಗೆ ಹಾಕುವನು. ಕಿವಿ ಮುಚ್ಚಿಕೊಂಡು ಮೆಷಿನ್ ನೋಡಿಕೊಳ್ಳುವುದು ಕಣ್ಣು ಕಟ್ಟಿಕೊಂಡು ನಡೆದ ಹಾಗೆ ಎಂದು ಜೊತೆಯವರಿಗೆ ಹೇಳುತ್ತಿದ್ದ.

ತೊಂಬತ್ತೈದರ ಕೊನೆಗೆ ಟೀಚರ ಪಿಯಾನೋ ಕೆಟ್ಟಿತು. ಗೋಡೆಯ ಕಡೆಯಿಂದ ಗೆದ್ದಲು ಹತ್ತಿ, ತಂತಿಗಳ ಹಿಂದಿನ ದೊಡ್ಡ ಹಲಗೆಯನ್ನು ಒಳಗೊಳಗೇ ತಿಂದಿತ್ತು. ಶ್ರುತಿ ಮಾಡಲು ಬೆಂಗಳೂರಿನಿಂದ ಬಂದವನು ಹಿಂಬದಿ ಬಿಚ್ಚಿ ನೋಡಿ, ಹಲಗೆ ಸೀಳುಬಿಟ್ಟಿದೆ, ತಂತಿಯ ಬಿಗಿಯನ್ನು ಇದು ಇನ್ನೊಂದು ವರ್ಷ ತಡೆಯುವುದಿಲ್ಲ, ರಿಪೇರಿಗೆ ಅರ್ಥವಿಲ್ಲ ಎಂದು ಹೇಳಿ ಹೋದ.

ಭೂತಪ್ಪ ಮಿಲ್ಲಿನ ಸ್ನೇಹಿತನೊಬ್ಬನಿಂದ ಒಳ್ಳೆಯ ಟೇಪ್ ರೆಕಾರ್ಡರ್ ಕೇಳಿ ತಂದ. ಎರಡು ಭಾನುವಾರ ಕೂತು, ಆ ಪಿಯಾನೋದ ಎಂಬತ್ತೈದು ಕೀಗಳನ್ನೂ ಒಂದೊಂದಾಗಿ ರೆಕಾರ್ಡ್ ಮಾಡಿದ. ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ. ಸ್ವರ ಅಡಗುವ ತನಕ ಕೈ ತೆಗೆಯದೆ. ಬೀದಿಯಲ್ಲಿ ಆಟೋ ಹೋದರೆ ಮತ್ತೆ ಮೊದಲಿನಿಂದ. ಟೀಚರ್ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಬರುವವರಿಗೆಲ್ಲ ಬಾಯಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಪಿಯಾನೋದೊಳಗೆ ಏನೋ ಲಟ್ಟನೆ ಮುರಿಯಿತು. ನಡುವಿನ ಹತ್ತಿಪ್ಪತ್ತು ಕೀಗಳು ತಗಡಿನ ಹಾಗೆ ಒದರತೊಡಗಿದವು. ಟೀಚರ್ ಮುಚ್ಚಳ ಮುಚ್ಚಿ ಮೇಲೊಂದು ಬಟ್ಟೆ ಹಾಸಿದರು.

“ಶಿವಮೊಗ್ಗದಲ್ಲಿ ಈಗ ಕರೆಂಟಿನ ಕೀಬೋರ್ಡ್ ಬಂದಿದ್ಯಂತೆ ಟೀಚರೇ. ಪಿಯಾನೋ ಥರಾನೇ ಕೇಳುತ್ತಂತೆ,” ಎಂದ ಭೂತಪ್ಪ.

“ನಂಗೆ ಅದೆಲ್ಲ ತಿಳಿಯೋದಿಲ್ಲ. ನಿನ್ನ ಕಿವಿ ಮೇಲೆ ನಂಬಿಕೆ ಇದೆ,” ಎಂದರು ಟೀಚರ್. ಅಷ್ಟು ಹೊತ್ತಿಗೆ ಅವರು ಅವನನ್ನು ‘ನೀನು’ ಎನ್ನತೊಡಗಿದ್ದರು. “ನೀನು ಯಾವತ್ತು ಸರಿ ಅಂತೀಯೋ, ಅವತ್ತು ತಗೊಳ್ತೀನಿ.”

ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ ರಾಮಚಂದ್ರಪ್ಪನವರ ವಾದ್ಯಗಳ ಅಂಗಡಿ. ತಬಲ, ಹಾರ್ಮೋನಿಯಮ್ಮುಗಳ ನಡುವೆ ಎರಡು ಕೀಬೋರ್ಡುಗಳನ್ನು ಸ್ಟ್ಯಾಂಡಿನ ಮೇಲೆ ಇಟ್ಟಿದ್ದರು. ಭೂತಪ್ಪ ಚೀಲದಿಂದ ಟೇಪ್ ರೆಕಾರ್ಡರ್ ತೆಗೆದದ್ದನ್ನು ನೋಡಿ ಅವರಿಗೆ ಸೋಜಿಗ.

“ಇದ್ರೊಳಗಿರೋದು ನಿಜವಾದ ಪಿಯಾನೋ ದನಿಯೇ ಮಾರಾಯ,” ಎಂದರು ರಾಮಚಂದ್ರಪ್ಪ. “ದೊಡ್ಡ ಪಿಯಾನೋ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡಿ, ಕಂಪ್ಯೂಟರ್ ಚಿಪ್ಪಿನೊಳಗೆ ಕೂರಿಸಿದಾರೆ. ಸ್ಯಾಂಪಲ್ ಅಂತಾರೆ ಅದಕ್ಕೆ.”

ಸ್ಯಾಂಪಲ್ ಎಂಬ ಮಾತು ಭೂತಪ್ಪನಿಗೆ ಹೊಸದಲ್ಲ. ಮಿಲ್ಲಿನಲ್ಲಿ ಪ್ರತಿಯೊಂದು ರೀಲಿನಿಂದ ಒಂದು ತುಂಡು ಕತ್ತರಿಸಿ ಲ್ಯಾಬಿಗೆ ಕಳಿಸುತ್ತಿದ್ದರು. ಟನ್ನುಗಟ್ಟಲೆ ಕಾಗದದ ಗುಣವನ್ನು ಆ ಅಂಗೈ ಅಗಲದ ತುಂಡು ಹೇಳಬೇಕು. ತುಂಡು ಚೆನ್ನಾಗಿದ್ದು ರೀಲು ಕೆಟ್ಟದ್ದಿರುವುದನ್ನು ಅವನು ಎಷ್ಟೋ ಸಲ ಕಂಡಿದ್ದ.

ಅವನು ನಡುವಿನ ಒಂದು ಕೀ ಒತ್ತಿ ಹಿಡಿದ. ಬಾರಿಸಿದ ಹೊಡೆತ ಪಿಯಾನೋದ್ದೇ, ಸಂಶಯವಿಲ್ಲ. ಆದರೆ ಮೂರು ನಾಲ್ಕು ಸೆಕೆಂಡ್ ಆಗುವಷ್ಟರಲ್ಲಿ ಸ್ವರ ಮುಂದಕ್ಕೆ ಹೋಗುವುದನ್ನು ಬಿಟ್ಟು ನಿಂತಲ್ಲೇ ಸುತ್ತತೊಡಗಿತು. ಅದೇ ಚೂರು, ಮತ್ತೆ ಅದೇ ಚೂರು. ದನಿ ಮಾತ್ರ ಕಡಿಮೆಯಾಗುತ್ತಿತ್ತು. ಆಮೇಲೆ ಕೀಗಳನ್ನು ಸಾಲಾಗಿ ಒತ್ತಿದ. ಐದು ಕೀ ಒಂದೇ ಮನುಷ್ಯ ಹಾಡಿದ ಹಾಗಿದ್ದು, ಆರನೆಯದಕ್ಕೆ ಆಳು ಬದಲಾದ ಹಾಗಾಯಿತು. ಒಂದೇ ರೆಕಾರ್ಡಿಂಗನ್ನು ಎಳೆದು ಐದು ಕೀಗೆ ಹಂಚಿದ್ದರು. ಜೋರಾಗಿ ಬಾರಿಸಿದರೆ ಟೀಚರ ಪಿಯಾನೋದ ದನಿಗೆ ಹೊಳಪು ಬರುತ್ತಿತ್ತು, ಅಂಚು ಬರುತ್ತಿತ್ತು. ಇದು ಬರೀ ಗಟ್ಟಿಯಾಗುತ್ತಿತ್ತು. ಕೊನೆಗೆ ಪೆಡಲ್ ತುಳಿದು ಒಂದು ಸ್ವರ ಬಾರಿಸಿದ. ನಿಜವಾದ ಪಿಯಾನೋದಲ್ಲಿ ಆಗ ಮುಟ್ಟದ ತಂತಿಗಳೂ ಸಣ್ಣಗೆ ಗುಂಯ್‌ಗುಟ್ಟುತ್ತವೆ. ಇಲ್ಲಿ ಆ ಒಂದು ಸ್ವರ ಬಿಟ್ಟರೆ ಬೇರೇನಿಲ್ಲ.

ಒಂದೂವರೆ ಗಂಟೆ ಕೇಳಿ, ಟೇಪ್ ರೆಕಾರ್ಡರನ್ನು ಚೀಲಕ್ಕೆ ಹಾಕಿಕೊಂಡು, “ಇನ್ನೂ ಪಿಯಾನೋ ಆಗಿಲ್ಲ,” ಎಂದ.

ರಾಮಚಂದ್ರಪ್ಪನವರಿಗೆ ಬೇಸರವಾಗಲಿಲ್ಲ. ಹೊಸ ಮಾಡೆಲ್ ಬಂದಾಗಲೆಲ್ಲ ಮಿಲ್ಲಿನ ವಿಳಾಸಕ್ಕೆ ಒಂದು ಕಾರ್ಡ್ ಹಾಕುವರು. ಭೂತಪ್ಪ ವಾರದ ರಜೆಯ ದಿನ ಬಸ್ಸು ಹತ್ತಿ ಬರುವನು. ಸುದ್ದಿ ಹರಡಿ ಆರ್ಕೆಸ್ಟ್ರಾದವರು, ಶಾಲೆಗಳವರು, ಶಂಕರಘಟ್ಟದ ಒಬ್ಬ ಮೇಷ್ಟ್ರು, ಹೀಗೆ ಕೀಬೋರ್ಡ್ ಕೊಳ್ಳುವವರು ಅವನನ್ನು ಕರೆಯತೊಡಗಿದರು. ಅವನು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಮದುವೆ ಮನೆಗೆ ಇದು ಸಾಕು, ಮಕ್ಕಳಿಗೆ ಕಲಿಸಲು ಅದು ಆದೀತು ಎಂದು ಅವರವರ ಕೆಲಸಕ್ಕೆ ತಕ್ಕದ್ದನ್ನು ಹೇಳುತ್ತಿದ್ದ. ಟೀಚರ ವಿಷಯ ಬಂದಾಗ ಮಾತ್ರ ಅವನ ಅಳತೆ ಬೇರೆ.

ಪ್ರತಿ ಸಲವೂ ವಾಪಸು ಬರುವಾಗ ಟೀಚರ ಮನೆಗೆ ಹೋಗಿ ವರದಿ ಒಪ್ಪಿಸುವನು. ತೊಂಬತ್ತೆಂಟರಲ್ಲಿ, “ಸುತ್ತೋದು ಕಡಿಮೆಯಾಗಿದೆ ಟೀಚರೇ, ಆದ್ರೆ ಒಟ್ಟಿಗೆ ಜಾಸ್ತಿ ಸ್ವರ ಬಾರಿಸಿದ್ರೆ ಹಳೇದನ್ನ ಮಧ್ಯದಲ್ಲೇ ಕೈಬಿಡುತ್ತೆ.” ಎರಡು ಸಾವಿರದ ಒಂದರಲ್ಲಿ, “ಕೀಗೆ ತೂಕ ಬಂದಿದೆ, ಪಿಯಾನೋ ಒತ್ತಿದಂಗೇ ಇದೆ. ದನಿ ಇನ್ನೂ ಇಲ್ಲ.” ಟೀಚರ್ ಎಲ್ಲವನ್ನೂ ಕೇಳಿಸಿಕೊಂಡು, ಕಾಫಿ ಕೊಟ್ಟು, “ಇರಲಿ, ಮುಂದಿನ ಸಲ ನೋಡೋಣ,” ಎನ್ನುವರು.

ಎರಡು ಸಾವಿರದ ಮೂರರ ಜೂನ್‌ನಲ್ಲಿ ಶಿವಮೊಗ್ಗದ ಒಂದು ಖಾಸಗಿ ಶಾಲೆಯ ಸಂಗೀತದ ಟೀಚರ್ ಪುಷ್ಪಾ ಅವನನ್ನು ಕರೆದಳು. ಮೂವತ್ತರ ಹುಡುಗಿ, ಆರ್ಕೆಸ್ಟ್ರಾದಲ್ಲೂ ಕೀಬೋರ್ಡ್ ನುಡಿಸುತ್ತಿದ್ದವಳು. ರಾಮಚಂದ್ರಪ್ಪನವರ ಅಂಗಡಿಯಲ್ಲಿ ಎರಡು ಹೊಸ ಮಾಡೆಲುಗಳಿದ್ದವು. ಭೂತಪ್ಪ ಕಣ್ಣು ಮುಚ್ಚಿ ಕೂತು, ಎರಡನ್ನೂ ಬಹಳ ಹೊತ್ತು ಕೇಳಿ, ಬಲಗಡೆಯದನ್ನು ತೋರಿಸಿದ. “ಕೆಳಗಿಂದ ಮೇಲಿನ ತನಕ ಶುದ್ಧವಾಗಿದೆ. ಇದೇ ಇರಲಿ.” ಅವತ್ತು ಸಂಜೆ ಟೀಚರ ಮನೆಯಲ್ಲಿ, “ತುಂಬಾ ಹತ್ತಿರ ಬಂದಿದೆ ಟೀಚರೇ. ಇನ್ನೊಂದು ವರ್ಷ,” ಎಂದ. ಟೀಚರ್ ತಮ್ಮ ಕೈಗಳನ್ನು ನೋಡಿಕೊಂಡರು.

ಶಾಲೆ ಕೀಬೋರ್ಡ್ ಕೊಂಡು ಒಂದು ತಿಂಗಳಾದ ಮೇಲೆ ಪುಷ್ಪಾ ಕಾಗದನಗರಕ್ಕೇ ಬಂದಳು. ಪದ್ಮಮ್ಮ ಕೊಟ್ಟ ಮಜ್ಜಿಗೆ ಕುಡಿದು, ಹೇಗೆ ಶುರು ಮಾಡುವುದೆಂದು ತಿಳಿಯದೆ ಲೋಟವನ್ನು ತಿರುಗಿಸುತ್ತ ಕೂತಳು.

“ಭೂತಪ್ಪಣ್ಣ, ಆ ಕೀಬೋರ್ಡಿನ ಮೇಲಿನ ಕೀಗಳನ್ನ ಅವತ್ತು ಕೇಳಿದ್ರಲ್ಲ?”

“ಕೇಳಿದ್ನಲ್ಲ. ಯಾಕೆ?”

“ಮೇಲಿನ ಒಂದೂವರೆ ಸಪ್ತಕದಲ್ಲಿ ಪ್ರತಿ ಸ್ವರದ ಜೊತೆಗೂ ಸಿಳ್ಳೆ ಹೊಡೆದಂಗೆ ಒಂದು ಸದ್ದಿದೆ. ಒಂದನೇ ಕ್ಲಾಸಿನ ಮಕ್ಕಳು ಕಿವಿ ಮುಚ್ಕೊಳ್ತವೆ. ಅಂಗಡೀಲೂ ಇತ್ತು. ನಂಗೆ ಕೇಳಿತ್ತು. ನೀವು ಶುದ್ಧ ಅಂದಿದ್ದಕ್ಕೆ ನಂದೇ ತಪ್ಪಿರಬೇಕು ಅಂದ್ಕೊಂಡೆ.”

ಮಾರನೆಯ ದಿನ ಅವನು ರಜೆ ಹಾಕಿ ಶಾಲೆಗೆ ಹೋದ. ಪುಷ್ಪಾ ಪಕ್ಕದಲ್ಲಿ ನಿಂತಿದ್ದಳು. ಬಲತುದಿಯ ಕೀ ಒತ್ತಿದ. ಅವನಿಗೆ ಕೇಳಿದ್ದು ಪ್ಲಾಸ್ಟಿಕ್ಕು ಹಲಗೆಗೆ ತಾಗಿದ ಟಕ್ಕೆನ್ನುವ ಸದ್ದು ಮಾತ್ರ. ಅದರ ಪಕ್ಕದ್ದು, ಅದರ ಪಕ್ಕದ್ದು, ಟಕ್, ಟಕ್.

“ಈಗ ಸಿಳ್ಳೆ ಬರ್ತಿದ್ಯಾ?”

“ಬರ್ತಿದೆ ಅಣ್ಣ.”

ಅವನು ಮತ್ತೆ ಒತ್ತಲಿಲ್ಲ. ಬರ್ತೀನಿ ಎಂದಷ್ಟೇ ಹೇಳಿ ಹೊರಟ.

ಮನೆಗೆ ಬಂದವನು ಬೀರುವಿನಿಂದ ಹಳೆಯ ಕ್ಯಾಸೆಟ್ ತೆಗೆದು, ಟೀಚರ ಪಿಯಾನೋದ ಮೇಲಿನ ಕೀಗಳಿದ್ದ ಭಾಗವನ್ನು ಹಚ್ಚಿದ. ಅದರಲ್ಲೂ ಏನಿಲ್ಲ. ಟೇಪಿನ ಬುಸ್ ಎನ್ನುವ ಸದ್ದೂ ಇಲ್ಲ. ಇಷ್ಟು ವರ್ಷ ಅಂಗಡಿಯಲ್ಲಿ ಕೂತು ಆ ಕೀಗಳನ್ನು ಒತ್ತುವಾಗ ಅವನು ಕೇಳುತ್ತಿದ್ದದ್ದು ನೆನಪನ್ನು. ನೆನಪಿನೊಳಗಿನ ಸ್ವರ ಶುದ್ಧವಾಗಿಯೇ ಇತ್ತು.

“ಪದ್ಮಾ, ಸ್ವಲ್ಪ ಬಾ ಇಲ್ಲಿ.”

ಪದ್ಮಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಗಂಡನ ಈ ಹುಚ್ಚಿನಲ್ಲಿ ಅವಳು ಯಾವತ್ತೂ ತಲೆ ಹಾಕಿದವಳಲ್ಲ.

“ಇದರಲ್ಲಿ ಏನಾದ್ರೂ ಕೇಳ್ತಾ ಇದ್ಯಾ?”

“ಕೇಳ್ತಿದ್ಯಲ್ಲ. ಟಿಂಗ್ ಅಂತಿದೆ. ಗೆಜ್ಜೆ ಥರ. ಯಾಕ್ರೀ?”

“ಎಲ್ಲೀತನಕ ಕೇಳುತ್ತೆ ಹೇಳ್ತಾ ಹೋಗು.”

ಅವಳು ಅವನ ಮುಖ ನೋಡಿ ನೆಲದ ಮೇಲೆ ಕೂತಳು. ಒಂದೊಂದು ಸ್ವರಕ್ಕೂ “ಹೂಂ” ಎಂದಳು. ಟೇಪು ಮುಗಿಯುವ ತನಕ ಅವಳ ಹೂಂ ತಪ್ಪಲಿಲ್ಲ. ಭೂತಪ್ಪನಿಗೆ ಆ ಹೂಂ ಮಾತ್ರ ಕೇಳುತ್ತಿತ್ತು. “ಟಿವಿ ಜೋರು ಮಾಡ್ತೀರಿ ಅಂತ ಇಂಪನಾ ಎರಡು ವರ್ಷದಿಂದ ಹೇಳ್ತಾನೇ ಇದಾಳೆ,” ಎಂದು ಪದ್ಮಮ್ಮ ಮೆಲ್ಲಗೆ ಹೇಳಿದಳು.

ಶಿವಮೊಗ್ಗದ ಕಿವಿ ಡಾಕ್ಟರು ಅವನನ್ನು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿದರು. ಹಾಳೆಯ ಮೇಲೆ ಬಂದ ಗೆರೆ ಎಡದಿಂದ ಮಟ್ಟವಾಗಿ ಹೋಗಿ, ಬಲಕ್ಕೆ ಬರುತ್ತ ತಟ್ಟನೆ ಇಳಿದಿತ್ತು.

“ಮೆಷಿನ್ ಹತ್ರ ಎಷ್ಟು ವರ್ಷ?”

“ಇಪ್ಪತ್ತೆರಡು.”

“ಕಿವಿಗೆ ಹಾಕ್ಕೊಳ್ಳೋಕೆ ಕೊಡ್ತಿರಲಿಲ್ವಾ?”

“ಕೊಟ್ಟಿದ್ರು ಸಾರ್. ನಾನೇ ಹಾಕ್ಕೊಳ್ತಿರಲಿಲ್ಲ.”

ಹೋದದ್ದು ವಾಪಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರು.

ನಾಲ್ಕೈದು ದಿನ ಬಿಟ್ಟು ಒಂದು ಬೆಳಿಗ್ಗೆ ಭೂತಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟ. ತನ್ನ ಮಾತು ನಂಬಿ ಹಿಂದಿನ ಮೂರು ವರ್ಷದಲ್ಲಿ ಕೀಬೋರ್ಡ್ ಕೊಂಡವರು ಐದು ಜನ. ಐವರನ್ನೂ ಅವರಿದ್ದಲ್ಲಿಗೇ ಹೋಗಿ ಕಂಡು, ನನ್ನ ಕಿವಿ ಕೆಟ್ಟಿತ್ತು, ಮೇಲಿನ ಕೀಗಳ ಬಗ್ಗೆ ನಾನು ಹೇಳಿದ್ದನ್ನು ನಂಬಬೇಡಿ ಎಂದು ಹೇಳಿದ. ಆರ್ಕೆಸ್ಟ್ರಾದ ಒಬ್ಬ ನಕ್ಕು ಬೆನ್ನು ತಟ್ಟಿದ. ಶಂಕರಘಟ್ಟದ ಮೇಷ್ಟ್ರು ಮುಖ ಗಂಟಿಕ್ಕಿಕೊಂಡು, ಗೊತ್ತಿಲ್ಲದವರು ಹೇಳೋಕೆ ಬರಬಾರದು ಎಂದರು. ಅವನು ತಲೆ ತಗ್ಗಿಸಿ ಹೌದು ಎಂದ. ಕೊನೆಗೆ ಪುಷ್ಪಾ ಇದ್ದ ಶಾಲೆ. ಅಲ್ಲಿಯ ಹೆಡ್‌ಮಾಸ್ಟರ್ ಶಿವಯೋಗಪ್ಪನವರಿಗೆ ಇದೆಲ್ಲ ಯಾಕೆಂದೇ ಅರ್ಥವಾಗಲಿಲ್ಲ.

“ಯಾರೂ ನಿಮ್ಮನ್ನ ಕೇಳಲಿಲ್ಲವಲ್ಲ ಭೂತಪ್ಪ?”

“ಪುಷ್ಪಾ ಟೀಚರ್‌ಗೆ ಅವತ್ತೇ ಸರಿಯಾಗಿ ಕೇಳಿತ್ತು ಸಾರ್. ನನ್ನ ಹೆಸರಿಗೆ ಹೆದರಿ ಬಾಯಿ ಬಿಡಲಿಲ್ಲ. ಅದನ್ನ ನಿಮಗೆ ಹೇಳಬೇಕಿತ್ತು. ಇನ್ಮೇಲೆ ಅವರು ಹೇಳಿದ್ದನ್ನ ತಗೊಳ್ಳಿ.”

ರಾಮಚಂದ್ರಪ್ಪ ಆ ಕೀಬೋರ್ಡನ್ನು ವಾಪಸು ಪಡೆದು ಬೇರೆ ಕೊಟ್ಟರು.

ಐದೂ ಕಡೆ ಹೋಗಿ ಬಂದಾಗಿತ್ತು. ಟೀಚರ ಮನೆಗೆ ಹೋಗಲು ಮಾತ್ರ ಕಾಲು ಬರಲಿಲ್ಲ. ಎರಡು ಭಾನುವಾರ ತಪ್ಪಿಸಿಕೊಂಡ. ಮೂರನೆಯ ಭಾನುವಾರ ಹೋಗಿ, ನಿಂತುಕೊಂಡೇ ಎಲ್ಲ ಹೇಳಿದ. ಟೀಚರಿಗೆ ಆಗ ಎಪ್ಪತ್ತು.

“ನಂಗೆ ಅನುಮಾನ ಇತ್ತು. ಎದುರಿಗೆ ಕೂತೋಳ ಹತ್ರ ಬೀದಿಯಲ್ಲಿರೋರಿಗೆ ಕೂಗಿದಂಗೆ ಮಾತಾಡ್ತಿದ್ದೆ ನೀನು,” ಎಂದರು. “ಏಳು ವರ್ಷ ಭೂತಪ್ಪ. ಸುಮಾರಾಗಿದೆ, ತಗೊಳ್ಳಿ ಅಂತ ಒಂದ್ಸಲ ಹೇಳಿದ್ರೂ ತಗೊಂಡಿರ್ತಿದ್ದೆ.”

“ಹಂಗೆ ಹೇಳಿದ್ರೆ ನಿಮ್ಮ ಪಿಯಾನೋಗೆ ದ್ರೋಹ ಮಾಡಿದಂಗೆ ಅನ್ನಿಸ್ತಿತ್ತು ಟೀಚರೇ.”

“ಪಿಯಾನೋ ಸತ್ತುಹೋಗಿತ್ತು. ನಾನು ಬದುಕಿದ್ದೆ.”

ಅವರು ಎರಡೂ ಕೈಗಳನ್ನು ಅವನ ಮುಂದೆ ಚಾಚಿದರು. ಬೆರಳಿನ ಗೆಣ್ಣುಗಳು ಊದಿಕೊಂಡು, ಉಂಗುರದ ಬೆರಳು ಒಂದು ಕಡೆಗೆ ವಾಲಿತ್ತು. ಸಂಧಿವಾತ, ಎರಡು ವರ್ಷದಿಂದ. ಇದೇ ಕೈಯಿಂದ ಅವನು ಎಷ್ಟೋ ಸಲ ಕಾಫಿ ಲೋಟ ಇಸಿದುಕೊಂಡಿದ್ದ. ಒಂದು ಸಲವೂ ನೋಡಿರಲಿಲ್ಲ. ಭೂತಪ್ಪ ಅಲ್ಲೇ ನೆಲದ ಮೇಲೆ ಕೂತ. ಟೀಚರ್ ಅವನನ್ನು ಸಮಾಧಾನ ಮಾಡಲಿಲ್ಲ. ಒಳಗೆ ಹೋಗಿ ಒಲೆ ಹಚ್ಚಿ, ಕಾಫಿ ಕಾಸಿ ತಂದರು. ಅವನು ಕುಡಿದು ಮುಗಿಸಿದ ಮೇಲೆ, “ನಾಳೆ ರಜೆ ಹಾಕು. ನಾನೇ ಬರ್ತೀನಿ ಶಿವಮೊಗ್ಗಕ್ಕೆ,” ಎಂದರು.

ಟೀಚರ್ ಆ ಅಂಗಡಿಗೆ ಕಾಲಿಟ್ಟದ್ದು ಅದೇ ಮೊದಲು. ರಾಮಚಂದ್ರಪ್ಪ ಎದ್ದು ನಿಂತು ಸ್ಟೂಲು ಒರೆಸಿ ಕೊಟ್ಟರು. ಪುಷ್ಪಾಳೂ ಶಾಲೆಯಿಂದ ಬಂದಿದ್ದಳು. ಮೂರು ಕೀಬೋರ್ಡುಗಳಿದ್ದವು. ಮೊದಲನೆಯದು ದನಿಯಲ್ಲಿ ಎಲ್ಲಕ್ಕಿಂತ ಪಿಯಾನೋಗೆ ಹತ್ತಿರ ಎಂದು ಪುಷ್ಪಾ ಹೇಳಿದಳು. ಟೀಚರ್ ಅದರ ಮೇಲೆ ಕೈಯಿಟ್ಟು ನಾಲ್ಕು ಸ್ವರ ನುಡಿಸಿ, ಮುಖ ಕಿವುಚಿ, ಕೈ ಹಿಂದಕ್ಕೆ ತೆಗೆದರು. ಕೀಗಳು ನಿಜವಾದ ಪಿಯಾನೋದಷ್ಟೇ ಭಾರ, ಬೆರಳು ನೋಯುತ್ತಿತ್ತು. ಎರಡನೆಯದೂ ಹಾಗೇ. ಮೂರನೆಯದರ ಕೀಗಳು ಹಗುರ. ಅದರ ಮುಂದೆ ಕೂತು ಟೀಚರ್ ಒಂದು ಪ್ರಾರ್ಥನೆಗೀತೆಯನ್ನು ಮೊದಲಿನಿಂದ ಕೊನೆಯ ತನಕ, ಎರಡು ಕಡೆ ತಡವರಿಸಿ, ಪೂರ್ತಿ ನುಡಿಸಿದರು. ಏಳು ವರ್ಷದ ಮೇಲೆ ನುಡಿಸುತ್ತಿದ್ದರು.

“ಇದು ಪಿಯಾನೋ ಅಲ್ಲ,” ಎಂದರು ಮುಗಿಸಿ. “ಇರಲಿ. ಇದನ್ನೇ ಕೊಡಿ.”

ಹತ್ತು ನಿಮಿಷದಲ್ಲಿ ಕೆಲಸ ಮುಗಿದಿತ್ತು. ಭೂತಪ್ಪ ಗೋಡೆಗೆ ಒರಗಿ ನಿಂತಿದ್ದ. ಇಷ್ಟು ವರ್ಷ ಕೀಬೋರ್ಡುಗಳನ್ನು ಏನೇನೋ ಪರೀಕ್ಷೆ ಮಾಡಿದ್ದ. ನುಡಿಸುವವರ ಬೆರಳಿಗೆ ಯಾವುದು ಹಿತ ಎಂಬುದು ಒಂದು ಸಲವೂ ಅವನಿಗೆ ಹೊಳೆದಿರಲಿಲ್ಲ.

ಆಮೇಲಿನ ನಾಲ್ಕು ವರ್ಷ ಟೀಚರ್ ದಿನವೂ ಬೆಳಿಗ್ಗೆ ಅರ್ಧ ಗಂಟೆ ನುಡಿಸಿದರು. ಭಾನುವಾರ ಭೂತಪ್ಪ ಹೋದಾಗ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂರುವರು. ಅವನ ಪಾಲಿಗೆ ಕೆಳಗಿನ ಸ್ವರಗಳು, ಅವರ ಪಾಲಿಗೆ ಮೇಲಿನವು. ಅವರು ನುಡಿಸುವುದರಲ್ಲಿ ಒಂದಿಷ್ಟು ಅವನಿಗೆ ಕೇಳುತ್ತಿತ್ತು, ಒಂದಿಷ್ಟು ಕೇಳುತ್ತಿರಲಿಲ್ಲ. ಕೇಳದಿದ್ದಾಗ ಅವರ ಕೈ ನೋಡಿಕೊಂಡು ತಾಳ ಹಿಡಿಯುತ್ತಿದ್ದ. ಮಿಲ್ಲಿನಲ್ಲಿ ಕೇಳಿಕೊಂಡು, ಸದ್ದಿಲ್ಲದ ಸ್ಟೋರ್ಸಿಗೆ ವರ್ಗ ಮಾಡಿಸಿಕೊಂಡ. ಕೀಬೋರ್ಡ್ ನೋಡಲು ಕರೆ ಬಂದರೆ ಪುಷ್ಪಾಳ ವಿಳಾಸ ಕೊಡುತ್ತಿದ್ದ.

ಎರಡು ಸಾವಿರದ ಏಳರಲ್ಲಿ ಟೀಚರ್ ನ್ಯುಮೋನಿಯಾ ಆಗಿ ಒಂದೇ ವಾರದಲ್ಲಿ ತೀರಿಕೊಂಡರು. ಸೇಲಂನಿಂದ ಅವರ ತಮ್ಮನ ಮಗಳು ಬಂದು ಮನೆ ಖಾಲಿ ಮಾಡಿಸಿದಳು. ಕೀಬೋರ್ಡನ್ನು ತನ್ನ ಜೊತೆ ಒಯ್ಯುವುದಾಗಿ ಹೇಳಿದಳು. ಭೂತಪ್ಪ ಅದಕ್ಕೆ ಕಂಬಳಿ ಸುತ್ತಿ, ಹಗ್ಗ ಕಟ್ಟಿ, ಟೆಂಪೋಗೆ ಏರಿಸಿಕೊಟ್ಟ.

“ನಿಮಗೆ ಇದೆಲ್ಲ ಚೆನ್ನಾಗಿ ಗೊತ್ತಂತೆ. ಅತ್ತೆ ಹೇಳ್ತಿದ್ರು,” ಎಂದಳು ಅವಳು, ತಮಿಳು ಬೆರೆತ ಕನ್ನಡದಲ್ಲಿ. “ಒಳ್ಳೆ ಪೀಸಾ ಇದು?”

ಭೂತಪ್ಪ ಹಗ್ಗದ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದ.

“ಟೀಚರ್ ದಿನಾ ನುಡಿಸ್ತಿದ್ರಮ್ಮ,” ಎಂದ.